ಸ್ಲೈಡ್ ಹಿಡಿಯದ ಮೈಕ್ರೊಸ್ಕೋಪ್: ಒಳ್ಳೆಯ ರಿವ್ಯೂ ಲೇಖನ ಹುಡುಕುವ ಬಗ್ಗೆ

(ಜೀವವಿಜ್ಞಾನದ ಎಂಎಸ್ಸಿ ವಿದ್ಯಾರ್ಥಿಗಳು ಮತ್ತು ಕಾಲೇಜು ಅಧ್ಯಾಪಕರ ಮುಂದೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಹಲವು ವರ್ಷ ಮೈಕ್ರೊಸ್ಕೋಪ್‌ಗಳ ಕೋಣೆ ನೋಡಿಕೊಂಡಿದ್ದೇನೆ. ಸ್ಯಾಂಪಲ್ ಹಿಡಿದುಕೊಂಡು ಬಂದವರಿಗೆ ಯಂತ್ರ ಕಲಿಸುವುದು, ಚಿತ್ರ ಸರಿಯಾಗಿ ಬರದಿದ್ದರೆ ಯಾಕೆ ಅಂತ ಹುಡುಕುವುದು ನನ್ನ ಕೆಲಸ. ಇವತ್ತು ಯಂತ್ರದ ಬಗ್ಗೆ ಕಡಿಮೆ ಮಾತಾಡುತ್ತೇನೆ. ಯಂತ್ರದ ಮುಂದೆ ಕೂರುವ ಮೊದಲು ಏನು ಓದಬೇಕು, ಅದನ್ನು ಎಲ್ಲಿ ಹೇಗೆ ಹುಡುಕಬೇಕು ಅನ್ನುವುದೇ ಇವತ್ತಿನ ವಿಷಯ.

ಒಬ್ಬ ವಿದ್ಯಾರ್ಥಿಯ ಕತೆ ಹೇಳುತ್ತೇನೆ. ಜೀಬ್ರಾಮೀನಿನ ಭ್ರೂಣದ ಮೇಲೆ ಕೆಲಸ ಮಾಡುತ್ತಿದ್ದ ಹುಡುಗ. ಇಡೀ ಭ್ರೂಣವನ್ನು ಲೈಟ್ ಶೀಟ್, ಅಂದರೆ ಪಕ್ಕದಿಂದ ತೆಳು ಹಾಳೆಯ ಹಾಗೆ ಬೆಳಕು ಬಿಡುವ ಮೈಕ್ರೊಸ್ಕೋಪಿನಲ್ಲಿ ನೋಡಬೇಕು ಅಂತ ಅವನ ಆಸೆ. ಅದಕ್ಕಾಗಿ ಒಂದು ರಿವ್ಯೂ ಲೇಖನವನ್ನು, ಅಂದರೆ ಒಂದು ವಿಷಯದ ಮೇಲೆ ಬಂದ ಸಂಶೋಧನೆಗಳನ್ನೆಲ್ಲಾ ಒಟ್ಟಿಗೆ ವಿವರಿಸುವ ಬರಹವನ್ನು, ಅಡಿಗೆರೆ ಹಾಕಿ ಹಾಕಿ ಓದಿದ್ದ. ಮೂರು ತಿಂಗಳು ಕಷ್ಟಪಟ್ಟು ಭ್ರೂಣಗಳಿಗೆ ಬಣ್ಣ ಹಾಕಿ, ಗಾಜಿನ ಸ್ಲೈಡಿನ ಮೇಲಿಟ್ಟು, ಕವರ್‌ಸ್ಲಿಪ್ ಮುಚ್ಚಿ, ಡಬ್ಬಿಯಲ್ಲಿ ಜೋಡಿಸಿಕೊಂಡು ಬಂದ. ನಮ್ಮ ಹತ್ತಿರ ಇದ್ದ ಲೈಟ್ ಶೀಟ್ ಯಂತ್ರ ಸ್ಲೈಡ್ ಹಿಡಿಯುವುದಿಲ್ಲ. ಭ್ರೂಣವನ್ನು ಅಗರೋಸ್ ಜೆಲ್ಲಿಯ ಸಣ್ಣ ಕಡ್ಡಿಯೊಳಗೆ ಕೂರಿಸಿ, ನೀರು ತುಂಬಿದ ತೊಟ್ಟಿಯಲ್ಲಿ ಇಳಿಬಿಡಬೇಕು. ಸ್ಲೈಡಿನ ಮೇಲೆ ಚಪ್ಪಟೆಯಾದ ಭ್ರೂಣವನ್ನು ಮತ್ತೆ ಎತ್ತಿ ಜೆಲ್ಲಿಗೆ ಹಾಕಲು ಆಗುವುದಿಲ್ಲ. ಮೂರು ತಿಂಗಳ ಕೆಲಸ ಹೋಯಿತು.

ಅವನು ಸೋಮಾರಿ ಅಲ್ಲ. ಓದಿಕೊಂಡೇ ಬಂದಿದ್ದ. ಆಮೇಲೆ ಆ ಲೇಖನವನ್ನು ನಾನೂ ಕೂತು ಓದಿದೆ. ತಪ್ಪು ಒಂದೂ ಇರಲಿಲ್ಲ. ಲೆನ್ಸ್‌ಗಳ ಬಗ್ಗೆ ಪುಟಗಟ್ಟಲೆ ಇತ್ತು, ಬೆಳಕಿನ ಹಾಳೆ ಎಷ್ಟು ತೆಳ್ಳಗಿರಬಹುದು ಅನ್ನುವ ಲೆಕ್ಕ ಇತ್ತು, ಚಿತ್ರಗಳು ಬಹಳ ಚೆನ್ನಾಗಿದ್ದವು. ಸ್ಯಾಂಪಲ್ ಹೇಗೆ ಕೂರಿಸಬೇಕು ಅನ್ನುವುದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಹೊಸ ಯಂತ್ರ ಕಟ್ಟುವವರಿಗೆ ಅದು ಒಳ್ಳೆಯ ಲೇಖನ. ಅವನಿಗೆ ಬೇಕಾಗಿದ್ದು ಬೇರೆ. ಒಳ್ಳೆಯ ರಿವ್ಯೂ ಅಂದರೆ ಯಾರಿಗೆ ಒಳ್ಳೆಯದು ಅನ್ನುವ ಪ್ರಶ್ನೆ ನನ್ನ ತಲೆಯಲ್ಲಿ ಕೂತಿದ್ದು ಅವತ್ತು.

ಹುಡುಕುವುದರಿಂದ ಶುರು ಮಾಡೋಣ. ನೀವು ಏನು ಮಾಡುತ್ತೀರಿ? ಸಂಶೋಧನಾ ಲೇಖನ ಹುಡುಕುವ ಗೂಗಲ್ ಸ್ಕಾಲರ್ ತೆರೆದು, ತಂತ್ರದ ಹೆಸರು ಹೊಡೆದು, ಪಕ್ಕದಲ್ಲಿ 'ರಿವ್ಯೂ' ಅಂತ ಸೇರಿಸುತ್ತೀರಿ, ಅಲ್ವಾ? ತೊಂದರೆ ಇರುವುದು ಆ ಹೆಸರಿನಲ್ಲೇ. ಮೈಕ್ರೊಸ್ಕೋಪಿಯಲ್ಲಿ ಒಂದೇ ತಂತ್ರಕ್ಕೆ ನಾಲ್ಕಾರು ಹೆಸರು ಇರುತ್ತವೆ. ಯಾವ ಗುಂಪು ಕಟ್ಟಿತೋ ಆ ಗುಂಪು ಒಂದು ಹೆಸರು ಇಡುತ್ತದೆ.

ಲೈಟ್ ಶೀಟನ್ನೇ ತೆಗೆದುಕೊಳ್ಳಿ. ಯೋಚನೆ ಸರಳ. ಮೇಲಿನಿಂದ ಬೆಳಕು ಸುರಿಯುವ ಬದಲು ಪಕ್ಕದಿಂದ ಒಂದು ತೆಳು ಹಾಳೆಯ ಹಾಗೆ ಬೆಳಕು ತೂರಿಸುವುದು. ಹಾಳೆ ಬಿದ್ದ ಪದರ ಮಾತ್ರ ಬೆಳಗುತ್ತದೆ. ಅದನ್ನು ಲಂಬವಾಗಿ ಇಟ್ಟ ಇನ್ನೊಂದು ಲೆನ್ಸಿನಿಂದ ನೋಡುವುದು. ಕತ್ತಲೆ ಕೋಣೆಗೆ ಹೆಂಚಿನ ಸಂದಿಯಿಂದ ಬಿಸಿಲು ಬಿದ್ದಾಗ ಆ ಬಿಸಿಲಿನ ಪಟ್ಟಿಯಲ್ಲಿ ಮಾತ್ರ ಧೂಳಿನ ಕಣ ಕಾಣುತ್ತದಲ್ಲ, ಹಾಗೆ. ಇದನ್ನು ಮೊದಲು ಮಾಡಿದವರು ಜರ್ಮನಿಯ ಸೀಡೆನ್‌ಟಾಫ್ ಮತ್ತು ಜಿಗ್ಮಂಡಿ. ಗಾಜಿನೊಳಗಿನ ಅತಿ ಸಣ್ಣ ಚಿನ್ನದ ಕಣಗಳನ್ನು ನೋಡಲು ಇದನ್ನು ಬಳಸಿ 1903ರಲ್ಲಿ ಪ್ರಕಟಿಸಿದರು. ಅವರಿಟ್ಟ ಹೆಸರು ಅಲ್ಟ್ರಾಮೈಕ್ರೊಸ್ಕೋಪ್. ಜಿಗ್ಮಂಡಿಗೆ 1925ರ ರಸಾಯನ ವಿಜ್ಞಾನದ ನೊಬೆಲ್ ಬಂತು. ಆಮೇಲೆ ಜೀವವಿಜ್ಞಾನದವರು ಇದನ್ನು ಬಹುಕಾಲ ಹೆಚ್ಚುಕಡಿಮೆ ಮರೆತೇಬಿಟ್ಟರು.

1993ರಲ್ಲಿ ಗಿನಿ ಪಿಗ್‌ನ ಒಳಕಿವಿಯನ್ನು ನೋಡಲು ಇದೇ ಯೋಚನೆ ಮತ್ತೆ ಬಂತು. ಹೆಸರು ಒಪಿಎಫ್‌ಒಎಸ್. 2002ರಲ್ಲಿ ಸಮುದ್ರದ ಸೂಕ್ಷ್ಮಜೀವಿಗಳನ್ನು ನೋಡಲು ಇನ್ನೊಂದು ಗುಂಪು ಮಾಡಿತು. ಹೆಸರು ತೆಳು ಲೇಸರ್ ಹಾಳೆಯ ಮೈಕ್ರೊಸ್ಕೋಪ್. 2004ರಲ್ಲಿ ಹೈಡೆಲ್‌ಬರ್ಗಿನ ಗುಂಪು ಜೀವಂತ ಮೀನು ಮತ್ತು ನೊಣದ ಭ್ರೂಣಗಳನ್ನು ತೋರಿಸಿತು. ಅದು ಸ್ಪಿಮ್. ಎಲ್ಲರ ಕಣ್ಣು ಇದರ ಮೇಲೆ ಬಿದ್ದದ್ದು ಆಗಲೇ. 2007ರಲ್ಲಿ ಇಲಿಯ ಇಡೀ ಮಿದುಳನ್ನು ಪಾರದರ್ಶಕ ಮಾಡಿ ನೋಡಿದವರು ಹಳೆಯ ಹೆಸರನ್ನೇ ವಾಪಸ್ ತಂದು ಅಲ್ಟ್ರಾಮೈಕ್ರೊಸ್ಕೋಪಿ ಅಂದರು. 2008ರಲ್ಲಿ ಹಾಳೆಯ ಬದಲು ಲೇಸರ್ ಗೆರೆಯನ್ನೇ ವೇಗವಾಗಿ ಓಡಿಸಿದವರು ಡಿಎಸ್‌ಎಲ್‌ಎಂ ಅಂದರು. 'ನೇಚರ್ ಮೆಥಡ್ಸ್' ಪತ್ರಿಕೆ ಇದನ್ನು 2014ರ ವರ್ಷದ ವಿಧಾನ ಅಂತ ಆರಿಸುವ ಹೊತ್ತಿಗೆ ಲೈಟ್ ಶೀಟ್ ಅನ್ನುವ ಹೆಸರು ಗಟ್ಟಿಯಾಗಿತ್ತು.

ಇಷ್ಟೆಲ್ಲಾ ಯಾಕೆ ಹೇಳಿದೆ ಅಂದರೆ, 'ಲೈಟ್ ಶೀಟ್' ಅಂತ ಮಾತ್ರ ಹುಡುಕಿದವರಿಗೆ ಪಾರದರ್ಶಕ ಮಿದುಳಿನ ಮೇಲಿನ ಒಳ್ಳೆಯ ಬರಹಗಳಲ್ಲಿ ಎಷ್ಟೋ ಕೈತಪ್ಪಿ ಹೋಗಬಹುದು. ಅವು ಅಲ್ಟ್ರಾಮೈಕ್ರೊಸ್ಕೋಪಿ ಅಂತಲೋ, ಟಿಶ್ಯೂ ಕ್ಲಿಯರಿಂಗ್ (ಅಂಗಾಂಶವನ್ನು ಪಾರದರ್ಶಕ ಮಾಡುವುದು) ಅಂತಲೋ ಇರುತ್ತವೆ. ಸೂಪರ್ ರೆಸಲ್ಯೂಷನ್‌ನಲ್ಲಿ ಗೊಂದಲ ಇನ್ನೂ ಜಾಸ್ತಿ. ಸಾಮಾನ್ಯ ಬೆಳಕಿನ ಮೈಕ್ರೊಸ್ಕೋಪಿಗೆ ಕಾಣದಷ್ಟು ಸೂಕ್ಷ್ಮ ವಿವರ ತೋರಿಸುವ ತಂತ್ರಗಳು ಅವು. 2006ರ ಒಂದೇ ವರ್ಷದಲ್ಲಿ ಮೂರು ಗುಂಪುಗಳು ಹತ್ತಿರ ಹತ್ತಿರದ ಯೋಚನೆಯನ್ನು ಪಾಮ್, ಎಫ್-ಪಾಮ್, ಸ್ಟಾರ್ಮ್ ಅಂತ ಪ್ರಕಟಿಸಿದವು. ಸ್ಟೆಡ್ ಅನ್ನುವ ಇಂಥದ್ದೇ ಇನ್ನೊಂದು ತಂತ್ರ ಕಂಡುಹಿಡಿದ ಸ್ಟೆಫಾನ್ ಹೆಲ್ ಅವರ ಕಡೆಯವರು ಹೆಚ್ಚಾಗಿ ಬಳಸುವ ಪದ ನ್ಯಾನೊಸ್ಕೋಪಿ. ಆ ಒಂದು ಪದ ಹೊಡೆಯದೆ ಇದ್ದರೆ ಒಂದು ಇಡೀ ಕಪಾಟು ನಿಮಗೆ ಕಾಣುವುದೇ ಇಲ್ಲ. ಅಣುಗಳಿಗೆ ತಾಗಿ ಚದುರಿದ ಬೆಳಕಿನ ಬಣ್ಣ ಸ್ವಲ್ಪ ಬದಲಾಗುವ ರಾಮನ್ ಪರಿಣಾಮ ಬಳಸಿ ಚಿತ್ರ ತೆಗೆಯುವ ವಿಧಾನಗಳ ಕತೆಯೂ ಹಾಗೇ. ಸಿ. ವಿ. ರಾಮನ್ 1933ರಲ್ಲಿ ಬೆಂಗಳೂರಿಗೆ ಬಂದವರು, ನಮಗೆ ಹತ್ತಿರದ ಹೆಸರು. ಆದರೆ ಅವರ ಹೆಸರು ಹೊಡೆದರೆ ಅರ್ಧ ಸಿಗುತ್ತದೆ. ಉಳಿದದ್ದು ವೈಬ್ರೇಷನಲ್ ಇಮೇಜಿಂಗ್, ಕೆಮಿಕಲ್ ಇಮೇಜಿಂಗ್, ಲೇಬಲ್-ಫ್ರೀ (ಬಣ್ಣ ಹಾಕದೆ ನೋಡುವುದು) ಅನ್ನುವ ತಲೆಬರಹಗಳ ಕೆಳಗೆ ಕೂತಿರುತ್ತದೆ.

ಅದಕ್ಕೆ ನಾನು ಹೇಳುವುದು: ಮೊದಲ ದಿನ ಲೇಖನ ಹುಡುಕಬೇಡಿ, ಹೆಸರು ಹುಡುಕಿ. ಒಂದು ಹಾಳೆಯಲ್ಲಿ ನಿಮ್ಮ ತಂತ್ರಕ್ಕೆ ಇರುವ ಎಲ್ಲಾ ಹೆಸರು, ಅಡ್ಡಹೆಸರು, ಚುಟುಕು ರೂಪ ಬರೆದುಕೊಳ್ಳಿ. ಅರ್ಧ ದಿನ ಹೋದರೂ ಪರವಾಗಿಲ್ಲ.

ಹೆಸರುಗಳು ಸಿಕ್ಕ ಮೇಲೆ ಉಳಿದದ್ದು ಸುಲಭ. ಪಬ್‌ಮೆಡ್ ಅಂತ ಲೇಖನ ಹುಡುಕುವ ಇನ್ನೊಂದು ತಾಣ ಇದೆ. ಪಬ್‌ಮೆಡ್‌ನಲ್ಲಿ ಎಡಗಡೆ 'ರಿವ್ಯೂ' ಅನ್ನುವ ಸೋಸುಗ ಇದೆ. ಗೂಗಲ್ ಸ್ಕಾಲರ್‌ನಲ್ಲೂ ಅಂಥದ್ದು ಇದೆ. ಪಬ್‌ಮೆಡ್ ಮುಖ್ಯವಾಗಿ ವೈದ್ಯಕೀಯ ಮತ್ತು ಜೀವವಿಜ್ಞಾನಕ್ಕೆ. ಲೋಹ, ಪಾಲಿಮರ್‌ಗಳ ಎಲೆಕ್ಟ್ರಾನ್ ಮೈಕ್ರೊಸ್ಕೋಪಿ ಮಾಡುವವರು ಅದೊಂದನ್ನೇ ನಂಬಿ ಕೂರಬೇಡಿ.

ನನಗೆ ಹೆಚ್ಚು ಇಷ್ಟವಾದ ದಾರಿ ಬೇರೆ. ನಿಮ್ಮ ತಂತ್ರದ ಮೂಲ ಲೇಖನ ಹಿಡಿಯಿರಿ. ಲೈಟ್ ಶೀಟ್‌ಗೆ ಆ 2004ರ ಲೇಖನ. ಇನ್ನೊಂದು ತಂತ್ರವಾದ ಟೂ-ಫೋಟಾನ್‌ಗೆ 1990ರ ಡೆಂಕ್, ಸ್ಟ್ರಿಕ್ಲರ್, ವೆಬ್ ಲೇಖನ. ಗೂಗಲ್ ಸ್ಕಾಲರ್‌ನಲ್ಲಿ ಅದರ ಕೆಳಗೆ, ಇದನ್ನು ಯಾರು ಯಾರು ಉಲ್ಲೇಖಿಸಿದ್ದಾರೆ ಅನ್ನುವ ಕೊಂಡಿ ಇರುತ್ತದೆ. ಒತ್ತಿದರೆ ಸಾವಿರಾರು ಲೇಖನ. ಆ ರಾಶಿಯೊಳಗೇ ಹುಡುಕಲು ಒಂದು ಚೌಕ ಇದೆ. ಅದಕ್ಕೆ ಗುರುತು ಹಾಕಿ, ನಿಮ್ಮ ಸ್ಯಾಂಪಲ್ ಹೆಸರು ಹೊಡೆಯಿರಿ. ಬೇರು, ಎಲೆ, ಮೂಳೆ, ಯಾವುದೋ ಅದು. ತಂತ್ರಕ್ಕೆ ಯಾವ ಹೆಸರಿಟ್ಟಿದ್ದರೂ ಮೂಲ ಲೇಖನವನ್ನು ಉಲ್ಲೇಖಿಸಿದವರೆಲ್ಲ ಈ ರಾಶಿಯೊಳಗೆ ಸಿಗುತ್ತಾರೆ. ಹೆಸರಿನ ತಾಪತ್ರಯವೇ ಇಲ್ಲ. ಹೀಗೆ ಉಲ್ಲೇಖದ ದಾರಿ ಹಿಡಿದು ಹುಡುಕುವ ಯೋಚನೆಯನ್ನು 1955ರಲ್ಲಿ ಮುಂದಿಟ್ಟವರು ಯೂಜೀನ್ ಗಾರ್‌ಫೀಲ್ಡ್. ಅವರಿಗೆ ಅದು ಹೊಳೆದದ್ದು ಅಮೆರಿಕದ ವಕೀಲರಿಂದ. ಹಳೆಯ ತೀರ್ಪನ್ನು ಆಮೇಲಿನ ಯಾವ ಯಾವ ತೀರ್ಪುಗಳು ಎತ್ತಿಕೊಂಡಿವೆ ಅಂತ ತೋರಿಸುವ ಪುಸ್ತಕಗಳು ಆ ವಕೀಲರ ಬಳಿ ಇದ್ದವು.

ಇನ್ನೊಂದು ಉಪಾಯ. ತಂತ್ರದ ಹೆಸರಿನ ಬದಲು ತೊಂದರೆಯ ಹೆಸರು ಹುಡುಕಿ. ಜೀವಂತ ಕೋಶಕ್ಕೆ ಲೇಸರ್ ಬಿಟ್ಟರೆ ಅದು ನರಳುತ್ತದೆ. ಅದಕ್ಕೆ ಫೋಟೊಟಾಕ್ಸಿಸಿಟಿ ಅನ್ನುತ್ತಾರೆ. 2017ರಲ್ಲಿ ಇದರ ಮೇಲೆಯೇ ಒಳ್ಳೆಯ ಬರಹಗಳು ಬಂದವು. ಕನ್ಫೋಕಲ್ ಅಂತಲೋ ಸ್ಟೆಡ್ ಅಂತಲೋ ತಂತ್ರದ ಹೆಸರು ಹೊಡೆದು ಹುಡುಕಿದ್ದರೆ ಅವು ಮೇಲೆ ತೇಲಿ ಬರುತ್ತಿರಲಿಲ್ಲ. ಬಣ್ಣ ಮಾಸುವುದು, ಸ್ಯಾಂಪಲ್ ಕೂರಿಸುವುದು, ಪಟ್ಟೆ ಪಟ್ಟೆ ನೆರಳು ಬೀಳುವುದು, ಹೀಗೆ ತೊಂದರೆಯನ್ನೇ ಹೊಡೆದು ನೋಡಿ. ನಮ್ಮ ಹುಡುಗ 'ಲೈಟ್ ಶೀಟ್' ಜೊತೆಗೆ 'ಮೌಂಟಿಂಗ್' (ಸ್ಯಾಂಪಲ್ ಕೂರಿಸುವುದು) ಅನ್ನುವ ಒಂದು ಪದ ಸೇರಿಸಿದ್ದರೆ ಅವನ ಮೂರು ತಿಂಗಳು ಉಳಿಯುತ್ತಿತ್ತು.

ಈಗ ಐದಾರು ರಿವ್ಯೂ ಸಿಕ್ಕಿವೆ ಅಂತ ಇಟ್ಟುಕೊಳ್ಳಿ. ಯಾವುದು ಓದಬೇಕು? ನಾನು ಮೊದಲು ನೋಡುವುದು ಬರೆದವರು ಯಾರು ಅಂತ. ತಂತ್ರ ಕಂಡುಹಿಡಿದವರೇ ಬರೆದಿದ್ದರೆ, ಅದು ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಅವರಷ್ಟು ಚೆನ್ನಾಗಿ ಬೇರೆ ಯಾರೂ ಹೇಳುವುದಿಲ್ಲ. ಆದರೆ ಅವರು ತೋರಿಸುವುದು ಎಲ್ಲವೂ ಸರಿಯಿದ್ದಾಗ ಬರುವ ಚಿತ್ರ. ಲೇಖನದ ಕೊನೆಯಲ್ಲಿ ಹಿತಾಸಕ್ತಿಯ ಬಗ್ಗೆ ಒಂದು ಸಣ್ಣ ಪ್ಯಾರಾ ಇರುತ್ತದೆ. ಪೇಟೆಂಟ್ ಇದೆಯೇ, ಕಂಪನಿಯಲ್ಲಿ ಪಾಲಿದೆಯೇ ಅಂತ ಅಲ್ಲಿ ಬರೆದಿರುತ್ತಾರೆ. ಅದನ್ನು ಓದಿ. ಇದ್ದರೆ ಲೇಖನ ಕೆಟ್ಟದ್ದು ಅಂತಲ್ಲ. ಯಾವ ಕಡೆಯಿಂದ ನಿಂತು ಮಾತಾಡುತ್ತಿದ್ದಾರೆ ಅಂತ ಗೊತ್ತಿರಬೇಕು ಅಷ್ಟೇ.

ಮೈಕ್ರೊಸ್ಕೋಪ್ ಕೋಣೆ ನೋಡಿಕೊಳ್ಳುವವರು ಬರೆದ ಬರಹಗಳ ರುಚಿಯೇ ಬೇರೆ. ನಾನೂ ಅದೇ ಕೆಲಸದವನು ಅಂತ ಪಕ್ಷಪಾತ ಮಾಡುತ್ತಿಲ್ಲ. ದಿನಕ್ಕೆ ಹತ್ತು ಜನರ ಹತ್ತು ಬಗೆಯ ಸ್ಯಾಂಪಲ್ ನೋಡುವವರಿಗೆ ಯಾವುದು ಎಲ್ಲಿ ಕೈಕೊಡುತ್ತದೆ ಅಂತ ಚೆನ್ನಾಗಿ ಗೊತ್ತಿರುತ್ತದೆ. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಇಮೇಜಿಂಗ್ ಕೇಂದ್ರದ ಅಲಿಸನ್ ನಾರ್ತ್ 2006ರಲ್ಲಿ 'ಜರ್ನಲ್ ಆಫ್ ಸೆಲ್ ಬಯಾಲಜಿ'ಯಲ್ಲಿ ಒಂದು ಲೇಖನ ಬರೆದರು. ಚಿತ್ರ ತೆಗೆಯುವಾಗ ಹೊಸಬರು ಬೀಳುವ ಗುಂಡಿಗಳ ಬಗ್ಗೆ. ನೋಡಿದ್ದನ್ನೆಲ್ಲಾ ನಂಬಬಹುದೇ ಅನ್ನುವುದು ಅದರ ತಲೆಬರಹದಲ್ಲೇ ಇರುವ ಪ್ರಶ್ನೆ. ಒಂದು ಬಣ್ಣದ ಬೆಳಕು ಇನ್ನೊಂದರ ಚಾನೆಲ್‌ಗೆ ಸೋರುವುದು, ತಪ್ಪು ದಪ್ಪದ ಕವರ್‌ಸ್ಲಿಪ್ ಹಾಕುವುದು, ಇಂಥ ಸಣ್ಣ ಸಣ್ಣ ವಿಷಯಗಳು. ಉಚಿತವಾಗಿ ಓದಲು ಸಿಗುತ್ತದೆ. ನನ್ನ ಹತ್ತಿರ ಬರುವ ಎಲ್ಲರಿಗೂ ಮೊದಲು ಇದನ್ನೇ ಓದಿಸುತ್ತೇನೆ.

ಎರಡನೆಯದಾಗಿ ನಾನು ನೋಡುವುದು, ಈ ಲೇಖನ ಬೆಲೆ ಹೇಳುತ್ತದೆಯೇ ಅಂತ. ಮೈಕ್ರೊಸ್ಕೋಪಿಯಲ್ಲಿ ಯಾವುದೂ ಬಿಟ್ಟಿ ಸಿಗುವುದಿಲ್ಲ. ಹೆಚ್ಚು ಸೂಕ್ಷ್ಮವಾಗಿ ನೋಡಬೇಕಾದರೆ ಹೆಚ್ಚು ಬೆಳಕು ಬೇಕು ಅಥವಾ ಹೆಚ್ಚು ಹೊತ್ತು ಬೇಕು. ಹೆಚ್ಚು ಬೆಳಕು ಕೊಟ್ಟರೆ ಕೋಶ ಸಾಯುತ್ತದೆ. ಹೆಚ್ಚು ಹೊತ್ತು ಕೊಟ್ಟರೆ ಕೋಶ ಕದಲುತ್ತದೆ. ಸಾಮಾನ್ಯ ಬೆಳಕಿನ ಮೈಕ್ರೊಸ್ಕೋಪಿನ ಮಿತಿ ಸುಮಾರು 200 ನ್ಯಾನೊಮೀಟರ್ (ಒಂದು ನ್ಯಾನೊಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು). ಸಿಮ್ ಅನ್ನುವ ಸೂಪರ್ ರೆಸಲ್ಯೂಷನ್ ತಂತ್ರ ಅದನ್ನು ಅರ್ಧಕ್ಕೆ, ಅಂದರೆ ಸುಮಾರು 100ಕ್ಕೆ ಇಳಿಸುತ್ತದೆ. ಸ್ಟಾರ್ಮ್ 20-30ರ ತನಕ ಹೋಗುತ್ತದೆ, ಆದರೆ ಒಂದು ಚಿತ್ರಕ್ಕೆ ಸಾವಿರಾರು ಫ್ರೇಮ್ ತೆಗೆಯಬೇಕು. ಈ ಎರಡೂ ಸಂಗತಿಯನ್ನು ಒಂದೇ ಉಸಿರಿನಲ್ಲಿ ಹೇಳುವ ಲೇಖನವನ್ನು ನಾನು ನಂಬುತ್ತೇನೆ.

ಇದಕ್ಕೆ ನನ್ನದೊಂದು ಪರೀಕ್ಷೆ ಇದೆ. ಸೂಪರ್ ರೆಸಲ್ಯೂಷನ್ ಮೇಲಿನ ಲೇಖನ ತೆರೆದ ತಕ್ಷಣ ಪ್ರತಿಕಾಯದ (ನಿರ್ದಿಷ್ಟ ಪ್ರೋಟೀನಿಗೆ ಹೋಗಿ ಅಂಟುವ ಅಣು) ಅಳತೆಯ ಬಗ್ಗೆ ಏನಾದರೂ ಇದೆಯೇ ಅಂತ ಹುಡುಕುತ್ತೇನೆ. ಯಾಕೆ ಗೊತ್ತಾ? ನಾವು ಪ್ರೋಟೀನನ್ನು ನೇರವಾಗಿ ನೋಡುವುದಿಲ್ಲ. ಪ್ರೋಟೀನಿಗೆ ಒಂದು ಪ್ರತಿಕಾಯ, ಅದರ ಮೇಲೆ ಇನ್ನೊಂದು ಪ್ರತಿಕಾಯ, ಅದರ ತುದಿಯಲ್ಲಿ ಬಣ್ಣ. ಒಂದು ಪ್ರತಿಕಾಯ ಸುಮಾರು 10 ನ್ಯಾನೊಮೀಟರ್. ಎರಡು ಸೇರಿದರೆ ಬಣ್ಣ ನಿಜವಾದ ಜಾಗದಿಂದ 15-20 ನ್ಯಾನೊಮೀಟರ್ ಆಚೆ ಇರಬಹುದು. ಯಂತ್ರ 20 ನ್ಯಾನೊಮೀಟರ್ ತೋರಿಸಿದರೂ ಅದು ತೋರಿಸುವುದು ಬಣ್ಣದ ಜಾಗವನ್ನು. 20 ಅಂತ ದೊಡ್ಡದಾಗಿ ಬರೆದು ಈ ಮಾತು ಬಿಟ್ಟ ರಿವ್ಯೂವನ್ನು ನಾನು ಪಕ್ಕಕ್ಕಿಡುತ್ತೇನೆ. ನಿಮ್ಮ ತಂತ್ರಕ್ಕೂ ಇಂಥದ್ದೊಂದು ಪ್ರಶ್ನೆ ಇರುತ್ತದೆ. ಲೈಟ್ ಶೀಟ್‌ಗೆ ಸ್ಯಾಂಪಲ್ ಕೂರಿಸುವುದು, ಮತ್ತೆ ಟೆರಾಬೈಟ್‌ಗಟ್ಟಲೆ ಬರುವ ಡೇಟಾ ಎಲ್ಲಿಡುವುದು. ನಿಮ್ಮ ಪ್ರಶ್ನೆ ಯಾವುದು ಅಂತ ತಿಳಿಯಬೇಕಾದರೆ ಆ ಯಂತ್ರ ನಡೆಸುವವರ ಹತ್ತಿರ ಹೋಗಿ ಹತ್ತು ನಿಮಿಷ ಮಾತಾಡಿ. ಸಂತೋಷದಿಂದ ಹೇಳುತ್ತಾರೆ.

ಹಳೆಯ ಲೇಖನ ಓದಬಹುದೇ ಅಂತ ಕೇಳುತ್ತಾರೆ. ಖಂಡಿತ ಓದಬಹುದು, ಆದರೆ ಒಂದು ಲೇಖನದ ಎಲ್ಲಾ ಭಾಗಕ್ಕೂ ಒಂದೇ ವಯಸ್ಸಲ್ಲ. ಬೆಳಕಿನ ನಿಯಮ ಹಳೆಯದಾಗುವುದಿಲ್ಲ. 2005ರಲ್ಲಿ ಲಿಕ್ಟ್‌ಮನ್ ಮತ್ತು ಕೊಂಚೆಲ್ಲೊ 'ನೇಚರ್ ಮೆಥಡ್ಸ್'ನಲ್ಲಿ ಫ್ಲೋರೊಸೆನ್ಸ್ (ಬೆಳಕು ಬಿದ್ದಾಗ ತಾನೇ ಹೊಳೆಯುವ ಬಣ್ಣ ಬಳಸುವ) ಮೈಕ್ರೊಸ್ಕೋಪಿ ಬಗ್ಗೆ ಬರೆದ ವಿವರಣೆ ಇವತ್ತಿಗೂ ಪಾಠಕ್ಕೆ ಸರಿ. ಆದರೆ ಕ್ಯಾಮೆರಾ, ಬಣ್ಣ, ಸಾಫ್ಟ್‌ವೇರ್ ಬೇಗ ಹಳೆಯದಾಗುತ್ತವೆ. ಎಸ್-ಸಿಮಾಸ್ ಅನ್ನುವ ವೇಗದ ಕ್ಯಾಮೆರಾಗಳು 2010ರ ಆಸುಪಾಸಿನಲ್ಲಿ ಬಂದು ಲೆಕ್ಕವನ್ನೇ ಬದಲಿಸಿದವು. ಹಾಗಾಗಿ ಹಳೆಯದರಲ್ಲಿ ತತ್ವ ಓದಿ, ಸಲಕರಣೆಯ ಭಾಗ ಹೊಸದರಲ್ಲಿ ಓದಿ.

ಮತ್ತೆ, ರಿವ್ಯೂ ಹೇಳಿದ್ದೇ ಕೊನೆ ಅಂದುಕೊಳ್ಳಬೇಡಿ. ಒಬ್ಬರು ಬರೆದದ್ದನ್ನು ನೋಡಿ ಇನ್ನೊಬ್ಬರು ಬರೆಯುತ್ತಾ ಹೋಗುತ್ತಾರೆ. ಬೆಳಕಿನ ಮೈಕ್ರೊಸ್ಕೋಪ್ ಎಷ್ಟು ಸಣ್ಣದನ್ನು ತೋರಿಸಬಲ್ಲದು ಅಂತ ಹೇಳುವ ಅರ್ನ್ಸ್ಟ್ ಆಬೆ ಅವರ ಮಿತಿಯ ಸೂತ್ರ ಈ ಕ್ಷೇತ್ರದ ಎಲ್ಲರಿಗೂ ಗೊತ್ತು. ಜರ್ಮನಿಯ ಯೇನಾದಲ್ಲಿ ಅದನ್ನು ಕಲ್ಲಿನ ಮೇಲೆ ಕೆತ್ತಿದ್ದಾರೆ. ಪಕ್ಕದಲ್ಲಿ 1873ರ ಲೇಖನ ಅಂತ ಉಲ್ಲೇಖ ಕೊಟ್ಟು ಆ ಸೂತ್ರ ಬರೆಯುವುದು ರೂಢಿ. ಆದರೆ 1873ರ ಆ ಜರ್ಮನ್ ಲೇಖನದಲ್ಲಿ ಸಮೀಕರಣಗಳೇ ಇಲ್ಲ. ಆಬೆ ಅದನ್ನು ಬರೀ ಮಾತಿನಲ್ಲಿ ಹೇಳಿದ್ದಾರೆ. ಇದರಿಂದ ಯಾರ ಪ್ರಯೋಗವೂ ಕೆಡುವುದಿಲ್ಲ. ಆದರೆ ನಿಮ್ಮ ಕೆಲಸ ಯಾವ ಒಂದು ಅಂಕಿಯ ಮೇಲೆ ನಿಂತಿದೆಯೋ, ಆ ಅಂಕಿ ಬಂದ ಮೂಲ ಲೇಖನವನ್ನು ಒಮ್ಮೆಯಾದರೂ ತೆರೆದು ನೋಡಿ.

ಪ್ರಶ್ನೆಗಳಿಗೆ ಬರುತ್ತೇನೆ.

ಖಾಸಗಿ ಪದವಿ ಕಾಲೇಜಿನ ಒಬ್ಬ ಅಧ್ಯಾಪಕಿ ಕೇಳಿದರು: "ನಮ್ಮಲ್ಲಿ ಯಾವ ಪತ್ರಿಕೆಗೂ ಚಂದಾ ಇಲ್ಲ. ನಾವೇನು ಮಾಡೋಣ?" ಇದು ನನಗೆ ನಿಜವಾಗಿ ನೋವು ಕೊಡುವ ವಿಷಯ. 2025ರ ಜನವರಿಯಿಂದ ಕೇಂದ್ರ ಸರ್ಕಾರದ 'ಒಂದು ರಾಷ್ಟ್ರ, ಒಂದು ಚಂದಾ' ಯೋಜನೆ ಶುರುವಾಗಿದೆ. ಮೂರು ವರ್ಷಕ್ಕೆ ಸುಮಾರು 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಪತ್ರಿಕೆಗಳು. ಅದು ಶುರುವಾಗಿದ್ದು ಸರ್ಕಾರಿ ವಿದ್ಯಾಸಂಸ್ಥೆ ಮತ್ತು ಕೇಂದ್ರದ ಸಂಶೋಧನಾ ಸಂಸ್ಥೆಗಳಿಗೆ. ಸಣ್ಣ ಊರಿನ ಸರ್ಕಾರಿ ಕಾಲೇಜಿನವರು ಇದನ್ನು ದಯವಿಟ್ಟು ಬಳಸಿ. ನಿಮ್ಮ ಗ್ರಂಥಪಾಲಕರನ್ನು ಕೇಳಿ. ಖಾಸಗಿ ಕಾಲೇಜಿನವರಿಗೆ ನಾನು ಹೇಳುವುದು, ಪಬ್‌ಮೆಡ್ ಸೆಂಟ್ರಲ್ ಮೊದಲು ನೋಡಿ, ಅಲ್ಲಿ ಇಡೀ ಲೇಖನ ಸಿಗುತ್ತದೆ. ರಿವ್ಯೂಗಳನ್ನೇ ಪ್ರಕಟಿಸುವ, 1932ರಲ್ಲಿ ಶುರುವಾದ ಆನ್ಯುಯಲ್ ರಿವ್ಯೂಸ್ ಸಂಸ್ಥೆ 2023ರಲ್ಲಿ ತನ್ನ ಎಲ್ಲಾ ಪತ್ರಿಕೆಗಳ ಆ ವರ್ಷದ ಸಂಪುಟಗಳನ್ನು ಎಲ್ಲರಿಗೂ ತೆರೆದಿಟ್ಟಿತು. ಯಾವುದೂ ಸಿಗದಿದ್ದರೆ ಲೇಖಕರಿಗೆ ಎರಡು ಸಾಲಿನ ಇಮೇಲ್ ಬರೆಯಿರಿ. ನಾನು ಬರೆದಾಗ ಹೆಚ್ಚಿನವರು ಮಾರನೇ ದಿನವೇ ಪಿಡಿಎಫ್ ಕಳಿಸಿದ್ದಾರೆ.

ಒಬ್ಬ ಹುಡುಗ ಕೇಳಿದ: "ಸರ್, ಎಐ ಕೇಳಿದರೆ ಲೇಖನಗಳ ಪಟ್ಟಿ ಕೊಡುತ್ತದಲ್ಲ?" ಕೊಡುತ್ತದೆ. ಹೆಸರುಗಳ ಹಾಳೆ ಮಾಡಿಕೊಳ್ಳಲು ಅದನ್ನು ಬಳಸಿ, ಆ ಕೆಲಸಕ್ಕೆ ಚೆನ್ನಾಗಿದೆ. ಆದರೆ ಅದು ಕೊಡುವ ಪಟ್ಟಿಯಲ್ಲಿ ಇಲ್ಲದ ಲೇಖನಗಳೂ ಬರುತ್ತವೆ. ಲೇಖಕರು ನಿಜ, ಪತ್ರಿಕೆ ನಿಜ, ಲೇಖನ ಮಾತ್ರ ಇಲ್ಲ. ಒಬ್ಬ ವಿದ್ಯಾರ್ಥಿನಿ ಅಂಥ ಒಂದು ಲೇಖನಕ್ಕಾಗಿ ಒಂದು ವಾರ ಹುಡುಕಿ ಸುಸ್ತಾಗಿ ನನ್ನ ಹತ್ತಿರ ಬಂದಿದ್ದಳು. ಪ್ರತಿಯೊಂದನ್ನೂ ಪಬ್‌ಮೆಡ್‌ನಲ್ಲೋ ಪತ್ರಿಕೆಯ ತಾಣದಲ್ಲೋ ತೆರೆದು, ಕಣ್ಣಾರೆ ನೋಡಿ, ಆಮೇಲೆ ಪಟ್ಟಿಗೆ ಸೇರಿಸಿ.

"ಎಷ್ಟು ರಿವ್ಯೂ ಓದಿದರೆ ಸಾಕು?" ಅಂತ ಇನ್ನೊಬ್ಬಳು ಕೇಳಿದಳು. ಸಂಖ್ಯೆ ಹೇಳುವುದು ಕಷ್ಟ. ಹೊಸ ರಿವ್ಯೂ ತೆರೆದಾಗ ಅದರ ಉಲ್ಲೇಖಗಳಲ್ಲಿ ಮುಕ್ಕಾಲು ನಿಮಗೆ ಆಗಲೇ ಪರಿಚಯ ಇದ್ದರೆ ನಿಲ್ಲಿಸಿ, ಯಂತ್ರದ ಹತ್ತಿರ ಬನ್ನಿ.

ಆ ಹುಡುಗ ಏನಾದ ಅಂತ ಕೊನೆಗೆ ಯಾರೋ ಕೇಳಿದರು. ಮತ್ತೆ ಭ್ರೂಣ ಬೆಳೆಸಿದ. ಈ ಸಲ ಜೆಲ್ಲಿಯಲ್ಲಿ ಕೂರಿಸಿದ. ಅಗರೋಸ್ ಎಷ್ಟು ಗಟ್ಟಿ ಇರಬೇಕು, ಗಾಳಿಗುಳ್ಳೆ ಬರದ ಹಾಗೆ ಹೇಗೆ ಎಳೆದುಕೊಳ್ಳಬೇಕು ಅಂತ ತಾನು ಕಲಿತದ್ದನ್ನೆಲ್ಲಾ ಎರಡು ಪುಟ ಕನ್ನಡದಲ್ಲಿ ಬರೆದುಕೊಟ್ಟು ಹೋದ. ಅದನ್ನು ಯಂತ್ರದ ಪಕ್ಕದ ಗೋಡೆಗೆ ಅಂಟಿಸಿದ್ದೇವೆ. ಹೊಸಬರು ಬಂದಾಗ ಮೊದಲು ಅದನ್ನು ಓದುತ್ತಾರೆ.